ಪುಟ್ಟ ಚಂದ್ರನ ಹೊರಸುತ್ತು

ಸೂರ್ಯನನ್ನು ಸುತ್ತುವ ಒಂದು ಮುದಿ ಕ್ಷುದ್ರಗ್ರಹಕ್ಕೆ ಇಬ್ಬರು ಪುಟ್ಟ ಚಂದ್ರರು ಪ್ರದಕ್ಷಿಣೆ ಹಾಕುತ್ತಿದ್ದರು. ಅಣ್ಣನದು ಒಳಸುತ್ತು, ತಮ್ಮನದು ಹೊರಸುತ್ತು.

“ಅಜ್ಜಾ, ಅಣ್ಣನಿಗೆ ಮಾತ್ರ ನಿನ್ನ ಹತ್ತಿರದ ದಾರಿಯೇಕೆ? ನಾನೇನು ಹೊರಗಿನವನೇ?” ಎಂದು ತಮ್ಮ ಒಂದು ದಿನ ಒಳಕ್ಕೆ ಸರಿದೇಬಿಟ್ಟ.

ಅಣ್ಣ ಪಕ್ಕದಲ್ಲಿ ಹಾದುಹೋದಾಗಲೆಲ್ಲ ಒಬ್ಬರ ಸೆಳೆತ ಇನ್ನೊಬ್ಬರಿಗೆ ತಗುಲಿ ಇಬ್ಬರೂ ಓಲಾಡತೊಡಗಿದರು.

“ಲೇ, ಮೈಮೇಲೆ ಬೀಳ್ತೀಯೇನೋ? ಇಬ್ಬರೂ ಪುಡಿಯಾಗ್ತೀವಿ!” ಎಂದು ಅಣ್ಣ ಕೂಗಿಕೊಂಡ.

ತಮ್ಮ ಹೆದರಿ ಹೊರಸುತ್ತಿಗೇ ಮರಳಿದ. ಆದರೂ ಮನಸ್ಸು ತಡೆಯದೆ ಕೇಳಿದ: “ಇಷ್ಟು ದೂರ ಇರುವವನ ನೆನಪು ನಿನಗಿರುತ್ತದೆಯೇ ಅಜ್ಜಾ?”

ಅಜ್ಜ ನಕ್ಕ. “ಹುಚ್ಚಪ್ಪಾ, ನಿನ್ನನ್ನು ಹಿಡಿದುಕೊಂಡಿರುವುದು ಮತ್ಯಾರು? ನಾನು ಒಂದು ಗಳಿಗೆ ಕೈಬಿಟ್ಟಿದ್ದರೂ ಸೂರ್ಯ ನಿನ್ನನ್ನು ಎಳೆದುಕೊಂಡು ಹೋಗಿರುತ್ತಿದ್ದ.”