ಬಿಡಿಸದ ಪುಟಗಳು

ಮಲಪ್ರಭೆಯ ದಂಡೆಯಲ್ಲಿ ಅಡಿವೆಯ್ಯನವರ ಆಶ್ರಮ. ಅಲ್ಲಿ ಶಂಭುಲಿಂಗ ಎಂಬ ಶಿಷ್ಯನಿದ್ದ. ಪದ್ಯ ಬರೆಯುತ್ತಿದ್ದ. ಚೆನ್ನಾಗಿಯೇ ಬರೆಯುತ್ತಿದ್ದ, ಸುಳ್ಳು ಯಾಕೆ ಹೇಳಬೇಕು.

ನಾಡಿನಲ್ಲಿ ಎಷ್ಟು ಸಾಹಿತ್ಯ ಪತ್ರಿಕೆಗಳಿದ್ದವೋ ಅಷ್ಟಕ್ಕೂ ಅವನ ಲಕೋಟೆ ಹೋಗುತ್ತಿತ್ತು. ಪದ್ಯ ಅಚ್ಚಾದ ಸಂಚಿಕೆಗಳನ್ನು ಪೆಟ್ಟಿಗೆಯಲ್ಲಿ ಜೋಪಾನವಾಗಿ ಇಡುತ್ತಿದ್ದ.

ಕೊನೆಗೊಂದು ದಿನ ಪಟ್ಟಣದ ಹೆಸರಾಂತ ಪ್ರಕಾಶಕರು ಹೇಳಿಕಳಿಸಿದರು: ನಿಮ್ಮ ಸಂಕಲನ ತರುತ್ತೇವೆ, ಆದರೆ ಗುರುಗಳ ಮುನ್ನುಡಿ ಇರಲೇಬೇಕು.

ಶಂಭುಲಿಂಗನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಓಡಿಬಂದು ಗುರುಗಳ ಪಾದಕ್ಕೆ ಬಿದ್ದ.

"ಗುರುಗಳೇ, ಮುನ್ನುಡಿ ಬರೆದುಕೊಡಬೇಕು. ಇಷ್ಟು ವರ್ಷ ಒದ್ದಾಡಿದ್ದೇ ಇದಕ್ಕೆ."

"ಮತ್ತೆ ಆ ಪತ್ರಿಕೆಗಳು?"

"ಅವು ಬರೀ ಮೆಟ್ಟಿಲು, ಗುರುಗಳೇ. ಹತ್ತಿ ಆಯಿತಲ್ಲ."

"ಆ ಮೆಟ್ಟಿಲುಗಳನ್ನು ಇತ್ತ ತಾ, ನೋಡೋಣ."

ಶಂಭುಲಿಂಗ ಹೆಮ್ಮೆಯಿಂದಲೇ ಪೆಟ್ಟಿಗೆ ಹೊತ್ತು ತಂದ.

ಸಣ್ಣ ಮುದ್ರಣಾಲಯಗಳ ಬಡ ಪತ್ರಿಕೆಗಳು ಅವು. ಮಡಿಸಿದ ಹಾಳೆಗಳ ಅಂಚು ಕತ್ತರಿಸದೆ ಹಾಗೇ ಕಳಿಸುತ್ತಿದ್ದರು. ಓದುವವನೇ ಚಾಕು ಹಿಡಿದು ಒಂದೊಂದು ಮಡಿಕೆಯನ್ನೂ ಬಿಡಿಸಿಕೊಳ್ಳಬೇಕು.

ಗುರುಗಳು ಒಂದೊಂದನ್ನೇ ಕೈಗೆತ್ತಿಕೊಂಡು ನೋಡಿದರು. ಪ್ರತಿ ಸಂಚಿಕೆಯಲ್ಲೂ ಒಂದೇ ಮಡಿಕೆ ಬಿಡಿಸಲಾಗಿತ್ತು. ಅದು ಶಂಭುಲಿಂಗನ ಪದ್ಯವಿದ್ದ ಜಾಗ. ಉಳಿದದ್ದೆಲ್ಲ ಅಚ್ಚಿನ ಮನೆಯಿಂದ ಬಂದ ಹಾಗೇ ಮುಚ್ಚಿಕೊಂಡಿತ್ತು.

ಗುರುಗಳು ಬೈಯಲಿಲ್ಲ. ಹಣ್ಣು ಹೆಚ್ಚುವ ಚಾಕುವನ್ನು ಅವನ ಕೈಗಿಟ್ಟರು, ಅಷ್ಟೇ.

ಶಂಭುಲಿಂಗನ ಮುಖ ಕೆಂಪಾಯಿತು. ಹೊಳೆಯ ದಂಡೆಗೆ ಹೋಗಿ ಕೂತು ಹಾಳೆ ಬಿಡಿಸತೊಡಗಿದ. ಮೊದಮೊದಲು ಗುರುಗಳ ಅಪ್ಪಣೆಯೆಂದು ಬೇಗಬೇಗ ಕಣ್ಣಾಡಿಸಿದ. ಆಮೇಲೆ ಒಂದು ಕಡೆ ಅವನ ಕೈ ನಿಂತುಬಿಟ್ಟಿತು.

ತನ್ನ ಪದ್ಯದ ಮುಂದಿನ ಮಡಿಕೆಯಲ್ಲೇ ಕಲ್ಲಪ್ಪನ ಹೆಸರು!

ಕಲ್ಲಪ್ಪ ಬೇರೆ ಯಾರೂ ಅಲ್ಲ, ಇದೇ ಆಶ್ರಮದವನು. ಪಂಕ್ತಿಯಲ್ಲಿ ದಿನಾ ಶಂಭುಲಿಂಗನ ಮಗ್ಗುಲಲ್ಲೇ ಕೂತು ಉಂಡವನು. ಹೋದ ವರ್ಷ ಊರಿಗೆ ಹೋಗಿ ಬಂದವನು ಇದ್ದಕ್ಕಿದ್ದಂತೆ ಮಾತು ಬಿಟ್ಟ. "ಇವನಿಗೇನಪ್ಪ ಇಷ್ಟು ಧಿಮಾಕು!" ಎಂದು ಶಂಭುಲಿಂಗನೇ ಎಲ್ಲರೆದುರು ನಕ್ಕಿದ್ದ. ಕೆಲವು ದಿನಗಳಲ್ಲೇ ಕಲ್ಲಪ್ಪ ಚೀಲ ಹೆಗಲಿಗೇರಿಸಿ ಹೊರಟುಹೋದ. ಎಲ್ಲಿಗೆಂದು ಯಾರೂ ಕೇಳಲಿಲ್ಲ.

ಪದ್ಯ ತೀರಾ ಚಿಕ್ಕದು. ಊರಿಗೆ ಹೋದಾಗಲೆಲ್ಲ ಬಾಗಿಲಿಗೆ ಓಡಿಬರುತ್ತಿದ್ದ ತಂಗಿ ಈ ಸಲ ಬರಲಿಲ್ಲ, ಇನ್ನು ಬರುವುದೂ ಇಲ್ಲ ಎಂದು ಬರೆದಿದ್ದ.

ಶಂಭುಲಿಂಗ ಅದನ್ನು ಮತ್ತೊಮ್ಮೆ ಓದಿದ. ಮಕ್ಕಳ ಹಾಗೆ ಬಿಕ್ಕಿ ಬಿಕ್ಕಿ ಅತ್ತ. ಪತ್ರಿಕೆ ಹಿಡಿದುಕೊಂಡು ಗುರುಗಳ ಹತ್ತಿರ ಬಂದ.

"ಗುರುಗಳೇ, ಕಲ್ಲಪ್ಪನ ತಂಗಿ ತೀರಿಕೊಂಡದ್ದು ನನಗೆ ಗೊತ್ತೇ ಇರಲಿಲ್ಲ. ನನಗೆ ಒಂದು ಮಾತು ಹೇಳಬಾರದಿತ್ತೇ ಅವನು?"

"ಅಚ್ಚು ಹಾಕಿಸಿ ಹೇಳಿದ್ದನಲ್ಲ ತಮ್ಮಾ."

ಶಂಭುಲಿಂಗ ತಲೆ ತಗ್ಗಿಸಿ ನಿಂತ. ನಾಚಿಕೆಯಿಂದ ಕುಗ್ಗಿಹೋಗಿದ್ದ. ಆದರೂ ಆಸೆ ಅನ್ನುವುದು ಅಷ್ಟು ಸುಲಭಕ್ಕೆ ಬಿಟ್ಟೀತೇ? ಮೆಲ್ಲಗೆ ಕೇಳಿದ.

"ಹಾಗಾದರೆ... ಮುನ್ನುಡಿ ಬರೆಯುವುದಿಲ್ಲವೇ?"

"ಬರೆಯುತ್ತೇನೆ, ಅದಕ್ಕೇನು. ಆದರೆ ನಿನ್ನ ಪುಸ್ತಕ ಕೊಳ್ಳುವವರೂ ನಿನ್ನ ಹಾಗೇ ಓದುವವರಾದರೆ, ನಾಳೆ ನಿನ್ನ ಮನೆಯ ಸಾವನ್ನು ಯಾರಿಗೆ ಹೇಳುತ್ತೀಯಪ್ಪಾ?"