ದಾರ ಕಟ್ಟಿದ ಮೂಲಂಗಿ

ಜನವರಿ ಒಂಬತ್ತು. ಆಕಾಶ ತಿಳಿಯಾಗಿತ್ತು, ಹೊಳೆಯ ಕಡೆಯಿಂದ ಥಂಡಿ ಗಾಳಿ ಬೀಸುತ್ತಿತ್ತು.

ಮಠದಲ್ಲಿ ಉಳಿದವರು ಇಬ್ಬರೇ: ಗುರುಗಳಾದ ಅಜ್ಜಾರು ಮತ್ತು ಶಿಷ್ಯ ಗದಿಗೆಯ್ಯ. ಮಿಕ್ಕವರು ಒಬ್ಬೊಬ್ಬರಾಗಿ ಹೊರಟುಹೋಗಿದ್ದರು.

ಹಿತ್ತಲಲ್ಲಿ ಸುತ್ತ ಕಲ್ಲು ಕಟ್ಟಿ ಎತ್ತರಿಸಿದ ಏಳು ಮಡಿಗಳಿದ್ದವು. ಎರೆಮಣ್ಣಿನಲ್ಲಿ ನೀರು ನಿಂತು ಗಡ್ಡೆ ಕೊಳೆಯುತ್ತದೆಂದು ಅಜ್ಜಾರು ಹಿಂದೆ ಕೈಯಾರೆ ಕಟ್ಟಿದ್ದ ಮಡಿಗಳವು. ಒಂದು ಕಾಲಕ್ಕೆ ಚಳಿ ಬಿತ್ತೆಂದರೆ ಗಜ್ಜರಿ, ಕೋಸು, ಬಟಾಣಿ ಎಂದು ಏಳೂ ತುಂಬಿರುತ್ತಿದ್ದವು. ಉಣ್ಣುವವರು ಕಡಿಮೆಯಾದಂತೆ ಬಿತ್ತುವುದೂ ಕಡಿಮೆಯಾಯಿತು.

ಈ ಸಲ ಒಂದೇ ಮಡಿ. ಅದರಲ್ಲಿ ಉಳಿದದ್ದು ಐದು ಮೂಲಂಗಿ. ಬೀಜಕ್ಕೆಂದು ಅಜ್ಜಾರು ದಾರ ಕಟ್ಟಿ ಬಿಟ್ಟಿದ್ದ ಗಿಡಗಳವು. ಆ ಜಾತಿಯ ಬೀಜ ಬೇರೆಲ್ಲೂ ಸಿಗುತ್ತಿರಲಿಲ್ಲ.

"ಇದನ್ನ ಏನು ಕೊಟ್ಟು ತಂದ್ರಿ, ಅಜ್ಜಾರ?" ಎಂದು ಗದಿಗೆಯ್ಯ ಪ್ರತಿ ವರ್ಷ ಕೇಳುತ್ತಿದ್ದ.

"ಇನ್ನೂ ಕೊಡಾಕತ್ತೀನಿ," ಎನ್ನುತ್ತಿದ್ದರು ಅಜ್ಜಾರು.

ಅಂದು ಬೆಳಿಗ್ಗೆ ಅವನು ಕೊಡ ಬಗ್ಗಿಸಿ ನೀರು ಹಾಕುತ್ತಿದ್ದ. ಅಜ್ಜಾರು ಕಟ್ಟೆಯ ಮೇಲೆ ಕುಳಿತು ನೋಡುತ್ತಿದ್ದರು.

"ನಾಕು ದಿನ ಆತು, ಊರಿಂದ ಬಂದ ಆ ಕಾಗದ ಕಿಸೆದಾಗ ಇಟ್ಕೊಂಡ ನೀರು ಹಾಕಾಕತ್ತಿ. ಮೊಳಕಿ ಒಡದೀತು ನೋಡು."

ಗದಿಗೆಯ್ಯನಿಗೆ ನಗು ಬರಲಿಲ್ಲ. "ಅವ್ವಗ ಭಾಳ ಜಡ್ಡಾಗೇತಂತ್ರಿ. ಒಮ್ಮೆ ಬಂದು ಮುಖ ತೋರಿಸಿ ಹೋಗು ಅಂತ ಬರೆಸ್ಯಾಳ."

"ಮತ್ತ?"

"ನಾ ಹೋಗೂದಿಲ್ರಿ."

"ಯಾಕ?"

"ಎತ್ತರದ ಮಡಿ, ಎರಡೂ ಹೊತ್ತು ನೀರು ಬೇಕು. ನಿಮ್ಮ ಸೊಂಟಕ್ಕ ಕೊಡ ಎತ್ತಾಕ ಆಗೂದಿಲ್ಲ. ಇವು ಒಣಗಿದ್ರ ಬೀಜಾನ ಹೋಗತೈತಿ."

"ಅಷ್ಟೇನ?"

ಗದಿಗೆಯ್ಯ ಕೊಡ ಕೆಳಗಿಟ್ಟ. "ನಲವತ್ತು ವರ್ಷದಾಗ ನೀವು ಒಮ್ಮೆನೂ ಊರಿಗೆ ಹೋಗಿಲ್ಲ. ನಾ ನಿಮ್ಮ ಶಿಷ್ಯ."

ಹೇಳಿಬಿಟ್ಟರೆ ಎದೆ ಹಗುರಾದೀತು ಅಂದುಕೊಂಡಿದ್ದ. ಆಗಲಿಲ್ಲ. ಅವ್ವ ಬಾಗಿಲ ಕಡೆ ಹೊರಳಿ ಮಲಗಿರುವುದೇ ಕಣ್ಣಿಗೆ ಕಟ್ಟಿತು.

ಅಜ್ಜಾರು ಎದ್ದರು. ಸೊಂಟ ಹಿಡಿದುಕೊಂಡು ಮಡಿಯ ಬಳಿ ಬಂದರು. ದಾರ ಕಟ್ಟಿದ ಮೊದಲ ಮೂಲಂಗಿಯನ್ನು ಕಿತ್ತರು.

"ಅಜ್ಜಾರ!"

ಎರಡನೆಯದು. ಮೂರನೆಯದು. ಐದನ್ನೂ ಕಿತ್ತು, ಮಣ್ಣು ಕೊಡವಿ, ಹೆಗಲ ಮೇಲಿನ ವಸ್ತ್ರದಲ್ಲಿ ಕಟ್ಟಿ ಅವನ ಕೈಗಿಟ್ಟರು.

"ನಿಮ್ಮವ್ವಗ ಕೊಡು. ಇನ್ನ ನೀರು ಹಾಕೂವಂಥಾದ್ದು ಇಲ್ಲಿ ಏನೂ ಉಳಿದಿಲ್ಲ."

ಗದಿಗೆಯ್ಯ ಅದನ್ನು ಮತ್ತೆ ಅವರತ್ತಲೇ ಚಾಚಿದ. "ಡಬ್ಬಿಯೊಳಗ ಒಂದು ಕಾಳೂ ಇಲ್ರಿ. ಇದ್ದ ಬೀಜ ಎಲ್ಲಾ ಬಿತ್ತೇವಿ."

"ಗೊತ್ತೈತಿ."

"ಏನು ಕೊಟ್ಟು ತಂದಿದ್ರೋ ಏನೋ, ಹಿಂಗ ಕಿತ್ತು ಕೊಟ್ಟುಬಿಟ್ರಲ್ಲ!"

ಅಜ್ಜಾರು ಖಾಲಿ ಮಡಿಯ ಕಲ್ಲಿನ ಮೇಲೆ ಕುಳಿತರು. ಹಿತ್ತಲ ಗೋಡೆಯ ಕಡೆ ಕೈ ತೋರಿದರು.

"ತಂದಾಕಿ ನಮ್ಮವ್ವ. ಆ ಗೋಡಿ ಹೊರಗ ನಿಂತು ನನ್ನ ಹೆಸರು ಹಿಡಿದು ಕರೆದ್ಲು. ಮೋಹ ಬಿಟ್ಟಾವ ಅನ್ನಿಸ್ಕೋಬೇಕಿತ್ತು ನನಗ. ತಲಿ ಎತ್ತಿ ನೋಡ್ಲಿಲ್ಲ, ಈ ಕಲ್ಲು ಕಟ್ಟಿಕೋತ ಕುಂತೆ. ಎದ್ದು ನೋಡಿದಾಗ ಗೋಡಿ ಮ್ಯಾಲ ಬೀಜದ ಗಂಟಿತ್ತು, ಆಕಿ ಇದ್ದಿಲ್ಲ. ಈ ಮೂಲಂಗಿ ಎಲಿ ಕಣ್ಣು ಮುಚ್ಚಿ ಮುಟ್ಟಿದ್ರೂ ಗುರುತು ಹಿಡೀತೀನಿ, ಗದಿಗೆಯ್ಯ. ನಮ್ಮವ್ವನ ಮುಖ ನೆನಪಿಗೆ ಬರೂದಿಲ್ಲ."