ಬಾಳವ್ವನ ಏಳು ಹೆಸರು

ಒಂದು ಊರಿತ್ತಂತೆ. ಊರಿಗೆ ಎಪ್ಪತ್ತು ಮನೆ, ಎಪ್ಪತ್ತು ಮನೆಗೂ ಸೇರಿ ಒಂದೇ ಹಗೇವು. ಹಗೇವು ಅಂದರೆ ಗೊತ್ತಲ್ಲ, ನೆಲದೊಳಗೆ ಆಳಕ್ಕೆ ತೋಡಿದ ಕಾಳಿನ ಗುಂಡಿ. ಬಾಯಿ ಇಷ್ಟೇ, ಹೊಟ್ಟೆ ಅಷ್ಟು. ಬೆಳೆ ಬಂದ ವರ್ಷ ಎಲ್ಲರೂ ಜೋಳ ಸುರಿಯೋದು, ಕಲ್ಲು ಮುಚ್ಚಿ ಸಗಣಿ ಸಾರಿಸೋದು. ಮಳೆ ಕೈಕೊಟ್ಟ ವರ್ಷ ತೆಗೆದು ಮನೆಗೊಂದು ಮೊರ ಹಂಚೋದು. ತಳದ ಒಂದು ಗೇಣು ಕಾಳು ಮಾತ್ರ ಯಾರೂ ಮುಟ್ಟೋ ಹಾಗಿಲ್ಲ. ಅದು ಬಿತ್ತನೆಗೆ.

ಹಗೇವಿನ ಕಾವಲು ಹಾಲಪ್ಪನದು. ಪಾಪದ ಮನುಷ್ಯ. ಊರಿಗೆ ಕಾವಲುಗಾರ, ಹೆಂಡತಿ ಮುಂದೆ ಕರು. ಆ ಹೆಂಡತಿ ಬಾಳವ್ವ ಅಂದರೆ ಕೇಳಬೇಡಿ! ಕೇಳಬೇಡಿ ಅಂದರೂ ಹೇಳುತ್ತೇನೆ. ಮದುವೆಮನೆಗೆ ಹೋದರೆ ಸೆರಗಿನಲ್ಲಿ ಹೋಳಿಗೆ, ಬಾಣಂತಿ ನೋಡೋಕೆ ಹೋದರೆ ಬಾಣಂತಿಯ ಕೊಬ್ಬರಿ ಮಾಯ. ಊರವರು ಅವಳಿಗೆ ಏಳು ಹೆಸರು ಇಟ್ಟಿದ್ದರಂತೆ. ಬಾಚುಗೈ, ತೂತುಗಡಿಗೆ, ಕಣದ ಕಾಳು ಬಳಿಯೋ ಗೋರುಮರ, ಜಿಗಣೆ, ಹಸಿದ ಹದ್ದು, ಬಕಾಸುರನ ತಂಗಿ. ಏಳನೆಯದು ಎಲ್ಲಕ್ಕಿಂತ ಕೆಟ್ಟದ್ದು: ಸುಡುಗಾಡಲ್ಲೂ ಪಾಲು ಕೇಳೋಳು.

ಮೂರು ವರ್ಷ ಮಳೆ ಬರಲಿಲ್ಲ. ಸೋಮವಾರ ಹಗೇವು ತೆಗೆಯೋದು ಅಂತ ಹಿರಿಯರು ಮಾತಾಡಿಕೊಂಡರು. ಭಾನುವಾರ ಮಟಮಟ ಮಧ್ಯಾಹ್ನ ಊರೆಲ್ಲ ಹಳ್ಳದಲ್ಲಿ ಒರತೆ ತೋಡೋಕೆ ಹೋಗಿತ್ತು. ಬಾಳವ್ವ ಗಂಡನನ್ನು ಹಿಡಿದಳು.

"ಏನ್ರೀ, ಈಗಲೇ ಇಳೀರಿ. ಮೂರು ಚೀಲ ಸಾಕು. ಕಲ್ಲು ಮುಚ್ಚಿ ಸಾರಿಸಿದರೆ ಯಾರಪ್ಪನಿಗೆ ಗೊತ್ತಾಗ್ತದೆ?"

"ಲೇ ಬಾಳಿ, ಬಾಯಿ ತೆಗೆದ ಹಗೇವು ಒಂದು ದಿನ ಉಸಿರು ಬಿಡಬೇಕು, ಒಳಗಿನ ಕೆಟ್ಟ ಗಾಳಿ ಹೋಗಬೇಕು. ಆಮೇಲೆ ದೀಪ ಇಳಿಸಬೇಕು. ದೀಪ ಬದುಕಿದರೆ ಮನುಷ್ಯ ಬದುಕ್ತಾನೆ."

"ಒಂದು ದಿನ ತೆರೆದಿಟ್ಟು ಊರಿಗೆಲ್ಲ ತೋರಿಸೋಣ ಅಂತೀರಾ? ಮಾತಿಗೆ ಮಾತು ಬೇಡ, ಇಳೀರಿ!"

ಬೇವಿನ ಮರಕ್ಕೆ ಹಗ್ಗ ಕಟ್ಟಿದರು. ಹಾಲಪ್ಪ ಜೋತು ಇಳಿದ. ಇದ್ದದ್ದು ಒಂದೇ ಹಗ್ಗ. ಅದಕ್ಕೆ ಮನುಷ್ಯ ಜೋತರೆ ಚೀಲ ಇಲ್ಲ, ಚೀಲ ಕಟ್ಟಿದರೆ ಮನುಷ್ಯ ಇಲ್ಲ. ಮೊದಲನೇ ಚೀಲ ಬಂತು.

"ಬಾಳಿ, ತಲೆ ಸುತ್ತತೈತಿ. ಹಗ್ಗ ಬಿಡು, ಬರ್ತೀನಿ."

"ಇನ್ನೊಂದು."

ಎರಡನೇ ಚೀಲ ಬಂತು.

"ಬಾಳೀ... ಕಣ್ಣು ಕಾಣವಲ್ದು. ಹಗ್ಗ."

ಬಾಳವ್ವ ಖಾಲಿ ಚೀಲ ಎಸೆದಳು, ಹಗ್ಗ ಮಾತ್ರ ಕೈಯಲ್ಲೇ ಹಿಡಿದುಕೊಂಡಳು. "ಇದೊಂದು ತುಂಬ್ರಿ, ತುಂಬಿದ ಮೇಲೆ ಹಗ್ಗ."

ಕೆಳಗಿಂದ ಮಾತಿಲ್ಲ. ಕರೆದಳು, ಮಾತಿಲ್ಲ. ಆಗ ಹಗ್ಗ ಬಿಟ್ಟಳು. ಹಗ್ಗ ಕೆಳಗೆ ಹೋಗಿ ಸುಮ್ಮನೆ ನಿಂತಿತು. ಹಿಡಿಯೋ ಕೈ ಇರಲಿಲ್ಲ.

ಬಾಯಿ ಬಡಿದುಕೊಂಡು ಹಳ್ಳಕ್ಕೆ ಓಡಿದಳು. ಊರು ಓಡಿಬಂತು. ದೀಪ ಇಳಿಸಿದರು, ಆರಿತು. ಮತ್ತೆ ಇಳಿಸಿದರು, ಆರಿತು. ಮಾರನೇ ದಿನ ಬದುಕಿತು. ದೀಪ ಬದುಕಿತು, ಅಷ್ಟೇ. ಹಾಲಪ್ಪನನ್ನು ಮೇಲೆ ತಂದು ಬೇವಿನ ಬುಡದಲ್ಲಿ ಕಂಬಳಿ ಹೊದಿಸಿ ಮಲಗಿಸಿದರು. ಬಾಳವ್ವ ಆ ಎರಡು ಚೀಲ ತಂದು ಹಗೇವಿನ ಪಕ್ಕ ಸುರಿದು ದೂರ ಕೂತಳು. ಅಳಲೂ ಇಲ್ಲ.

ಊರವರು ಹೆಣ ಎತ್ತೋದು ಬಿಟ್ಟು, ಹೇಗೂ ಹಗೇವು ತೆರೆದದ್ದಾಯಿತು ಹಂಚಿಬಿಡೋಣ ಅಂದರಂತೆ! ಮನೆಗೊಂದು ಮೊರ ಹಂಚಿದರು. ಒಂದು ಮೊರ ಉಳಿಯಿತು.

"ಇದು ಹಾಲಪ್ಪನದು," ಅಂದ ಊರಗೌಡ.

"ಸತ್ತವನಿಗೆ ಯಾತಕ್ಕೆ? ನನ್ನ ಮನೇಲಿ ಆರು ಬಾಯಿ," ಅಂದಳು ಕೆಂಚವ್ವ.

"ಅವನನ್ನ ಮೇಲಕ್ಕೆ ತಂದೋನು ನಾನು!" ಅಂದ ಚೌಡಪ್ಪ.

"ಕಂಬಳಿ ಯಾರದು? ನಂದು!" ಅಂದ ಇನ್ನೊಬ್ಬ.

ಒಬ್ಬ ಮೊರ ಎಳೆದ, ಇನ್ನೊಬ್ಬ ಜುಟ್ಟು ಎಳೆದ. ಮೊರ ಹರಿಯಿತು. ಕಾಳು ಹೆಣದ ಮೇಲೆ ಚೆಲ್ಲಿತು. ಕಂಬಳಿ ಕೊಡವಿ ಆಯ್ದುಕೊಂಡರಂತೆ, ಥೂ! ಅವನು ಹೆಚ್ಚು ಆಯ್ದ ಅಂತ ಇವನು ಹಗೇವಿಗೆ ಇಳಿದ, ಇವನು ಇಳಿದ ಅಂತ ಎಲ್ಲರೂ ಇಳಿದರು. ಹೊತ್ತು ಮುಳುಗೋದರೊಳಗೆ ತಳದ ಒಂದು ಗೇಣೂ ಖಾಲಿ.

ಆಗ ಬಾಳವ್ವ ಎದ್ದು ಬಂದು ಗಂಡನ ತಲೆಯ ಹತ್ತಿರ ಕೂತಳು.

"ಚೌಡಪ್ಪಣ್ಣ, ಬಾಚುಗೈ ನೀನು ತಗೋ. ಕೆಂಚವ್ವಕ್ಕ, ತೂತುಗಡಿಗೆ ನಿನಗಿರಲಿ. ಗೋರುಮರ, ಜಿಗಣೆ, ಹದ್ದು, ಬಕಾಸುರನ ತಂಗಿ, ಯಾರಿಗೆ ಬೇಕೋ ಹಂಚಿಕೊಳ್ಳಿ. ಏಳನೇದು ಇಡೀ ಊರಿಗಿರಲಿ. ನನಗೆ ಹೆಸರೇ ಬೇಡ. ಇವರನ್ನ ಎತ್ತೋಕೆ ನಾಲ್ಕು ಜನ ಬನ್ರಪ್ಪಾ."

ನಾಲ್ಕು ಜನ ಸಿಗಲಿಲ್ಲವಂತೆ. ಎಲ್ಲರ ಕೈಯಲ್ಲೂ ಜೋಳ.

ಹದಿನೈದು ದಿನಕ್ಕೆ ಮಳೆ ಬಂತು. ಎಂಥ ಮಳೆ ಅಂತೀರಿ! ಹೊಲವೆಲ್ಲ ಹದವಾಗಿ ಬಿದ್ದಿತ್ತು, ಬಾಚಿಕೊಂಡದ್ದೆಲ್ಲ ತಿಂದು ಮುಗಿದಿತ್ತು, ಬಿತ್ತೋಕೆ ಒಂದು ಕಾಳಿರಲಿಲ್ಲ. ಎಪ್ಪತ್ತು ಮನೆಯೂ ಗಂಟು ಕಟ್ಟಿ ಒಂದೊಂದು ದಿಕ್ಕು ಹಿಡಿದವು. ಬಾಳವ್ವ ಮಾತ್ರ ಗಂಡನನ್ನು ತಾನೊಬ್ಬಳೇ ಮಣ್ಣು ಮಾಡಿದ ಆ ಬೇವಿನ ಬುಡ ಬಿಟ್ಟು ಏಳಲಿಲ್ಲ. ಹಗೇವಿನ ಬಾಯಿಯನ್ನೂ ಯಾರೂ ಮುಚ್ಚಲಿಲ್ಲ.

ಊರು ಹೋಯಿತು, ಏಳು ಹೆಸರು ಉಳಿದವು. ಕಥೆ ಹೇಳಿದ ನನಗೆ ಒಂದು ವೀಳ್ಯದೆಲೆ, ಕೇಳಿದ ನಿಮಗೆ ಒಂದೊಂದು ಎಲೆ. ತಟ್ಟೆಯಲ್ಲಿ ಉಳಿದದ್ದಕ್ಕೆ ಯಾರೂ ಕೈ ಹಾಕಬೇಡಿ.